ಈಸು ಕಲಿಸಿದ ಫಕೀರವ್ವ

ಗದಗಿನ ಮುಂಡರಗಿ ರಸ್ತೆಯಲ್ಲಿ ಮುತ್ತಣ್ಣನದು ಪಂಕ್ಚರ್ ಅಂಗಡಿ. ಮೇಲೆ ತಗಡಿನ ಚಪ್ಪರ, ಮುಂದೆ ಟ್ಯೂಬು ಮುಳುಗಿಸಿ ನೋಡುವ ಸಿಮೆಂಟಿನ ತೊಟ್ಟಿ. ಪ್ರತಿವರ್ಷ ಶಿವರಾತ್ರಿ ಮುಗಿದು ಬಿಸಿಲು ಏರತೊಡಗಿತೆಂದರೆ ಅವನ ಅಕ್ಕ ಫಕೀರವ್ವ ತುಂಗಭದ್ರೆಯ ದಂಡೆಯ ತನ್ನೂರಿನಿಂದ ಬಸ್ಸು ಹಿಡಿದು ಬಂದಿಳಿಯುತ್ತಿದ್ದಳು. ಬರುವಾಗ ಚೀಲದಲ್ಲಿ ತಮ್ಮನಿಗೆಂದು ಕಟಕ ರೊಟ್ಟಿ, ಹಚ್ಚಿಕೊಂಡು ತಿನ್ನಲು ಶೇಂಗಾ ಹಿಂಡಿ. ಹೋಗುವಾಗ ಅದೇ ಚೀಲದ ತುಂಬ ಲಾರಿ, ಟ್ರ್ಯಾಕ್ಟರುಗಳ ಹಳೆ ಟ್ಯೂಬು. ತಮ್ಮ ತೇಪೆ ಹಾಕಿ ಕೊಟ್ಟದ್ದನ್ನು ಆಕೆ ಎಂದೂ ಹಾಗೆಯೇ ಒಯ್ದವಳಲ್ಲ. ಸೆರಗು ಸಿಕ್ಕಿಸಿ, ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಟ್ಯೂಬನ್ನು ತಾನೇ ಮುಳುಗಿಸಿ, ಗುಳ್ಳೆ ಏಳುತ್ತದೇನೋ ಎಂದು ಕಣ್ಣು ಕಿರಿದು ಮಾಡಿ ನೋಡುವಳು.

“ಯಕ್ಕಾ, ಎಲ್ಲಾ ನೋಡೇನಿ. ಮತ್ತ್ಯಾಕ ನೋಡ್ತಿ?”

“ನಿನ್ನ ಮ್ಯಾಲೆ ನಂಬಿಕಿ ಐತಿ ತಮ್ಮಾ. ಟ್ಯೂಬಿನ ಮ್ಯಾಲಿಲ್ಲ.”

ಗಾಳಿ ಹಾಕಿಸಲು ನಿಂತ ಲಾರಿಯವರು ನಗುತ್ತಿದ್ದರು. ಮುತ್ತಣ್ಣ ನಗುತ್ತಿರಲಿಲ್ಲ. ಆ ಟ್ಯೂಬಿನ ಮೇಲೆ ನಾಳೆ ಯಾರದೋ ಮನೆಯ ಏಳೆಂಟು ವರ್ಷದ ಹುಡುಗಿ ಎದೆಯೂರಿ ಮಲಗುತ್ತಾಳೆ, ಕೆಳಗೆ ನಾಲ್ಕಾಳು ನೀರು ಇರುತ್ತದೆ ಎಂಬುದು ಅವನಿಗೆ ಗೊತ್ತಿತ್ತು.

ಆ ಅಕ್ಕ ಈ ವರ್ಷ ಸಂಕ್ರಮಣವಾದ ಮೂರನೆಯ ದಿನ ತೀರಿಕೊಂಡಳು. ಅರವತ್ತಮೂರು ವರ್ಷ ಬದುಕಿದಳು. ಮಣ್ಣು ಮಾಡಿ ಬಂದ ಮೇಲೆ ಜಗಲಿಯಲ್ಲಿ ಕೂತ ಊರವರು ಆಕೆಯ ಬಗ್ಗೆ ಒಬ್ಬೊಬ್ಬರೂ ಒಂದೊಂದು ಹೇಳತೊಡಗಿದಾಗ, ಬೆನ್ನಿಗೆ ಬಿದ್ದ ತಮ್ಮನಾದರೂ ತನಗೆ ಆಕೆ ಅರ್ಧವಷ್ಟೇ ಗೊತ್ತಿದ್ದಳು ಎಂದು ಮುತ್ತಣ್ಣನಿಗೆ ಅನ್ನಿಸಿತು.

ಅವನಿಗೆ ಗೊತ್ತಿದ್ದದ್ದು ಶಿರಹಟ್ಟಿಯಿಂದ ಶುರುವಾಗುತ್ತದೆ. ಅಪ್ಪ ಅಂದಪ್ಪನ ಹೊಲದಲ್ಲಿ ಮೆಟ್ಟಿಲಿಳಿದು ಹೋಗುವ ಚೌಕದ ಬಾವಿಯಿತ್ತು. ಬೇಸಿಗೆಯಲ್ಲಿ ಗಂಡುಹುಡುಗರು ಎಣ್ಣೆಯ ಖಾಲಿ ಡಬ್ಬಿ ಬೆನ್ನಿಗೆ ಕಟ್ಟಿಕೊಂಡು ಅದರಲ್ಲಿ ಈಸು ಕಲಿಯುವರು. ಹೆಣ್ಣುಹುಡುಗಿಯರು ಬಟ್ಟೆ ಒಗೆದು ಮೇಲೆ ಬರುವರು. ಅದು ಯಾರೂ ಹಾಕಿದ ಕಟ್ಟಳೆಯಲ್ಲ, ಆದರೆ ಯಾರೂ ಮೀರಿದ್ದೂ ಇಲ್ಲ.

ಆರು ವರ್ಷದ ಮುತ್ತಣ್ಣ ಒಂದು ಮಧ್ಯಾಹ್ನ ನೀರಿಗೆ ಬಿದ್ದ ತನ್ನ ಚಪ್ಪಲಿ ಎತ್ತಿಕೊಳ್ಳಲು ಹೋಗಿ ಪಾಚಿಯ ಮೆಟ್ಟಿಲ ಮೇಲೆ ಜಾರಿದ. ಈಗಲೂ ನೆನಪಿರುವುದು ಸುತ್ತಲಿನ ಹಸಿರು ಬೆಳಕು, ಕಿವಿಯೊಳಗೆ ಗುಂಯ್ ಎನ್ನುವ ಸದ್ದು, ಆಮೇಲೆ ತಲೆಗೂದಲು ಕಿತ್ತು ಬರುವಂತೆ ಜಗ್ಗಿದ ಒಂದು ಕೈ. ಹನ್ನೆರಡು ವರ್ಷದ ಫಕೀರವ್ವ ಲಂಗದಂಥ ಪರಕಾರ ಉಟ್ಟಂತೆಯೇ ಹಾರಿ ಅವನನ್ನು ಎಳೆದು ತಂದು ಮೆಟ್ಟಿಲಿಗೆ ಹಾಕಿದ್ದಳು.

ಅವ್ವ ಓಡಿ ಬಂದು ಇಬ್ಬರನ್ನೂ ತಬ್ಬಿಕೊಂಡು ಅತ್ತಳು. ಅಳು ಮುಗಿದೊಡನೆ ಮಗಳ ಬೆನ್ನಿಗೆ ಎರಡು ಬಿಗಿದಳು.

“ನಿನಗ ಈಸು ಯಾರು ಕಲಿಸ್ಯಾರ? ಹೇಳು!”

“ಯಾರೂ ಕಲಿಸಿಲ್ಲ ಬೇ. ಹುಡುಗೂರು ಊಟಕ್ಕ ಹ್ವಾದಾಗ ನಾನ ಕಲತೇನಿ.”

ಎರಡು ಬೇಸಿಗೆ ಹೀಗೇ ಕಲಿತಿದ್ದಳಂತೆ. ಡಬ್ಬಿಗಳನ್ನು ಹುಡುಗರು ಒಯ್ಯುತ್ತಿದ್ದರು. ಆಕೆ ನೀರಲ್ಲಿ ತೇಲುವ ಒಣ ಪುಂಡಿಕಟ್ಟಿಗೆಯ ಕಟ್ಟೊಂದನ್ನು ಎದೆಗವಚಿಕೊಂಡು, ಮೇಲೆ ನಿಂತು ನೋಡಿದ್ದನ್ನು ನೆನೆಸಿಕೊಂಡು ಕೈಕಾಲು ಆಡಿಸಿದ್ದಳು. ಅಂದಪ್ಪ ಒದ್ದೆಯಾಗಿ ನಿಂತ ಮಗಳ ಮುಖವನ್ನು ಬಹಳ ಹೊತ್ತು ನೋಡಿದ. “ಹೊಡೀಬ್ಯಾಡ ಆಕಿನ್ನ,” ಎಂದಷ್ಟೇ ಹೇಳಿ ಹೊಲಕ್ಕೆ ನಡೆದ.

ಹದಿನೆಂಟಕ್ಕೆ ಮದುವೆಯಾಯಿತು. ಗಂಡ ಹೊಳೆಯಪ್ಪ, ಮುಂಡರಗಿ ತಾಲೂಕಿನ ಹೊಳೆದಂಡೆಯ ಒಂದು ಹಳ್ಳಿಯವನು. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಮನೆಯ ಹಿತ್ತಲಿನಲ್ಲಿ ನಿಂತರೆ ತುಂಗಭದ್ರೆ ಕಾಣುತ್ತಿತ್ತು. ಮುತ್ತಣ್ಣ ಮೊದಲ ಸಲ ಅಲ್ಲಿಗೆ ಹೋದಾಗ ಹೊಳೆ ನೋಡಿ, “ಯಕ್ಕಾ, ಇಷ್ಟ ನೀರು! ನಿನಗ ದಿನಾ ಹಬ್ಬ ಬಿಡು,” ಎಂದಿದ್ದ. ಫಕೀರವ್ವ ನಕ್ಕು, “ಈ ಮನಿ ಸೊಸಿ ಅದೀನೋ ತಮ್ಮಾ, ಮೀನಲ್ಲ,” ಎಂದಳು.

ಹದಿನೇಳು ವರ್ಷ ಆಕೆ ಮೊಣಕಾಲುದ್ದದ ನೀರು ದಾಟಲಿಲ್ಲ. ಆಕೆಯೊಬ್ಬಳೇ ಅಲ್ಲ, ಆ ಊರಿನ ಯಾವ ಹೆಂಗಸೂ ದಾಟಿದವಳಲ್ಲ. ಹುಟ್ಟಿದಾಗಿನಿಂದ ಹೊಳೆಯ ನೀರು ಹೊತ್ತು, ಹೊಳೆಯಲ್ಲಿ ಬಟ್ಟೆ ಒಗೆದು, ಹರಿಗೋಲಿನಲ್ಲಿ ಹೊಳೆ ದಾಟಿ ಕೂಲಿಗೆ ಹೋಗಿ ಬಂದ ಹೆಂಗಸರು ಈಸು ಬಾರದೆಯೇ ಮುದುಕಿಯರಾಗುತ್ತಿದ್ದರು. ಗಂಡಸರಿಗೆಲ್ಲ ಬರುತ್ತಿತ್ತು.

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ದೀಪಾವಳಿ ಮುಗಿದಿತ್ತು, ಹೊಳೆ ಇನ್ನೂ ತುಂಬಿ ಹರಿಯುತ್ತಿತ್ತು. ಆಚೆ ದಂಡೆಯ ಹೊಲಗಳಲ್ಲಿ ಹತ್ತಿ ಬಿಡಿಸಲು ಬೆಳಿಗ್ಗೆ ಆರು ಹೆಂಗಸರು ಹರಿಗೋಲು ಹತ್ತಿದರು. ದಂಡೆಯಿಂದ ಐವತ್ತು ಮಾರು ಹೋಗಿರಲಿಕ್ಕಿಲ್ಲ, ನೀರೊಳಗಿನ ಬಂಡೆಗೆ ತಾಗಿ ಹರಿಗೋಲು ಮಗುಚಿತು. ದಂಡೆಯ ಮೇಲಿದ್ದವರು ಬಟ್ಟೆ ಒಗೆಯುತ್ತಿದ್ದ ನಾಲ್ಕೈದು ಹೆಂಗಸರು. ಗಂಡಸರು ಊರೊಳಗಿಂದ ಓಡಿ ಬರಬೇಕಿತ್ತು.

ಉಳಿದವರು ಎದೆ ಬಡಿದುಕೊಂಡು ಕೂಗುತ್ತಿದ್ದಾಗ ಫಕೀರವ್ವ ಎದ್ದು ನಿಂತು ಸೀರೆ ಬಿಚ್ಚಿದಳು. ಒದ್ದೆಯಾದ ಸೀರೆ ಕಾಲಿಗೆ ಸುತ್ತಿಕೊಂಡರೆ ಈಸುವವರನ್ನೂ ಕೆಳಗೆ ಒಯ್ಯುತ್ತದೆ ಎಂದು ಆಕೆಗೆ ಗೊತ್ತಿತ್ತು. ಅದನ್ನು ಕಲ್ಲಿನ ಮೇಲೆ ಎಸೆದು, ಬರೀ ಪರಕಾರ ಕುಪ್ಪಸದಲ್ಲಿ ಹೊಳೆಗೆ ಬಿದ್ದಳು. ಒಬ್ಬಳ ಜಡೆ ಹಿಡಿದು ತಂದಳು. ತಿರುಗಿ ಹೋಗಿ ಇನ್ನೊಬ್ಬಳನ್ನು ತಂದಳು. ಮೂರನೆಯವಳು ಜೀವಭಯದಿಂದ ಆಕೆಯ ಕೊರಳಿಗೇ ತೆಕ್ಕೆಬಿದ್ದಳು. ಇಬ್ಬರೂ ಮುಳುಗಿದರು. ಅದೆಲ್ಲಿಂದ ಬಲ ಬಂತೋ, ಅವಳ ಕೈ ಬಿಡಿಸಿ, ಬೆನ್ನ ಹಿಂದಿನಿಂದ ಹಿಡಿದು ದಂಡೆಗೆ ತಂದಳು. ಅಷ್ಟರಲ್ಲಿ ಹರಿಗೋಲಿನವನು ಒಬ್ಬಳನ್ನು ಎಳೆದು ತಂದಿದ್ದ.

ನಾಲ್ಕನೆಯ ಸಲ ಹೋದಾಗ ಕೈಗೆ ಸಿಕ್ಕವಳು ಹುಸೇನಬಿ. ಅದೇ ಓಣಿಯ ಖೈರುನಬಿಯ ಹಿರಿಯ ಮಗಳು, ಹದಿನೈದರ ಹುಡುಗಿ. ಫಕೀರವ್ವ ಅವಳ ಮಣಿಕಟ್ಟು ಹಿಡಿದದ್ದು ನಿಜ. ಗಾಜಿನ ಬಳೆಗಳು ಮುಷ್ಟಿಯೊಳಗೆ ಪುಡಿಯಾದವು, ಕೈ ಜಾರಿತು. ಹುಸೇನಬಿಯೂ ಇನ್ನೊಬ್ಬ ಹೆಂಗಸೂ ಸಂಜೆಯ ಹೊತ್ತಿಗೆ ಕೆಳಗಿನ ಮಡುವಿನಲ್ಲಿ ಸಿಕ್ಕರು.

ಮೂರು ಜೀವ ಉಳಿಸಿದಳೆಂದು ಊರು ಹೊಗಳಿತು. ಸೀರೆಯಿಲ್ಲದೆ ಅಷ್ಟು ಗಂಡಸರೆದುರು ನಿಂತಿದ್ದಳಂತೆ ಎಂದು ಅದೇ ಬಾಯಲ್ಲಿ ಆಡಿಕೊಂಡಿತು. ಅತ್ತೆ ಎರಡು ದಿನ ಮಾತು ಬಿಟ್ಟಳು. ಹೊಳೆಯಪ್ಪ ದಂಡೆಯಲ್ಲಿ ತನ್ನ ರುಮಾಲು ಬಿಚ್ಚಿ ಹೆಂಡತಿಗೆ ಹೊದಿಸಿ ಮನೆಗೆ ಕರೆತಂದವನು, ಈ ಮಾತು ಕಿವಿಗೆ ಬಿದ್ದ ದಿನ ಕಟ್ಟೆಯ ಮೇಲೆ ಕೂತವರೆದುರು ನಿಂತು, “ಆಕಿ ಸೀರಿ ಬಿಚ್ಚಿದ್ದಕ್ಕ ಮೂರು ಮಂದಿ ಇವತ್ತ ಸೀರಿ ಉಟಗೊಂಡು ತಿರಗ್ಯಾಡಾಕತ್ಯಾರ,” ಎಂದ. ಅವನು ಕಟ್ಟೆಯಲ್ಲಿ ಅಷ್ಟು ಮಾತಾಡಿದ್ದನ್ನು ಊರು ಅದೇ ಮೊದಲು ಕೇಳಿದ್ದು.

ಮುತ್ತಣ್ಣ ಖಬರ ತಿಳಿದು ಬಂದಾಗ ಅಕ್ಕ ಗೋಡೆಗೆ ಒರಗಿ ಕೂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು. ಬಳೆಯ ಚೂರು ಹೊಕ್ಕ ಗಾಯಗಳು ಇನ್ನೂ ಹಸಿಯಾಗಿದ್ದವು.

“ಸಿಕ್ಕಿದ್ಳೋ ತಮ್ಮಾ. ಕೈಯಾಗ ಸಿಕ್ಕಿದ್ಳು.”

ಅದೊಂದೇ ಮಾತು. ಊಟವಿಲ್ಲ, ನಿದ್ದೆಯಿಲ್ಲ. ಮುತ್ತಣ್ಣ ಅಂಗಡಿ ಮುಚ್ಚಿ ಅಲ್ಲೇ ಉಳಿದ. ನಾಲ್ಕು ಮನೆ ಆಚೆಗಿದ್ದ ಖೈರುನಬಿಯ ಬಾಗಿಲಿಗೆ ಹೋಗುವ ಧೈರ್ಯ ಫಕೀರವ್ವನಿಗೆ ಇರಲಿಲ್ಲ. ಹನ್ನೆರಡನೆಯ ದಿನ ಖೈರುನಬಿಯೇ ಬಂದಳು, ಒಂಬತ್ತು ವರ್ಷದ ಕಿರಿಮಗಳು ಜೈತುನಳ ಕೈ ಹಿಡಿದುಕೊಂಡು. ಫಕೀರವ್ವ ಎದ್ದು ಅವಳ ಕಾಲು ಮುಟ್ಟಲು ಬಾಗಿದಳು. ಖೈರುನಬಿ ಹಿಂದಕ್ಕೆ ಸರಿದಳು.

“ನಾ ಅಳಾಕ ಬಂದಿಲ್ಲ. ನಿನಗ ಬೈಯಾಕೂ ಬಂದಿಲ್ಲ. ಈಕಿಗೆ ಕಲಸು.”

“ಏನ ಕಲಸಲಿ ಬೇ?”

“ಈಸು. ಒಂದು ಕೂಸು ಹೋತು ನಂದು. ನಾಳೆ ಈಕಿನೂ ಆ ಹರಗೋಲು ಹತ್ತಾಕಿನ, ಹೊಟ್ಟಿ ಬಿಡತೈತೇನ? ಆಕಿನ್ನ ಹಿಡಿದಿದ್ದಿ ಅಲ್ಲಾ, ಅದ ಕೈಲೆ ಈಕಿಗೆ ಕಲಸು ಫಕೀರವ್ವಾ.”

ಜೈತುನ ಏನೂ ತಿಳಿಯದೆ ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಬಾಗಿಲ ಬಳಿ ನಿಂತಿದ್ದ ಮುತ್ತಣ್ಣನಿಗೆ, ಮಗಳನ್ನು ಕಳೆದುಕೊಂಡ ಹನ್ನೆರಡೇ ದಿನದಲ್ಲಿ ಇಂಥ ಮಾತು ಒಬ್ಬ ತಾಯಿಯ ಬಾಯಿಂದ ಹೇಗೆ ಬಂತು ಎಂಬುದು ಇವತ್ತಿಗೂ ತಿಳಿದಿಲ್ಲ. ಫಕೀರವ್ವ ಅಂದು ರೊಟ್ಟಿ ಮುರಿದಳು.

ಹೊಳೆಯಲ್ಲಿ ಕಲಿಸುವಂತಿರಲಿಲ್ಲ, ಸೆಳವೂ ಇತ್ತು, ಊರ ಕಣ್ಣೂ ಇತ್ತು. ಊರಾಚೆ ಮೈಲಾರಲಿಂಗಪ್ಪ ಎಂಬ ಹಿರಿಯರ ತೋಟದಲ್ಲಿ ಮೆಟ್ಟಿಲಿನ ದೊಡ್ಡ ಬಾವಿಯಿತ್ತು. ಫಕೀರವ್ವ ಗಂಡನನ್ನು ಕರೆದುಕೊಂಡು ಕೇಳಲು ಹೋದಳು.

“ಹೆಣ್ಣುಹುಡುಗೂರು ಬಾವ್ಯಾಗ? ಯಾವನರ ನೋಡಿದ್ರ? ಒಂದು ಕೂಸಿಗೆ ಏನರ ಆದ್ರ ಆ ನೀರು ಮತ್ತ ಯಾರು ಮುಟ್ಟಬೇಕವ್ವಾ?” ಎಂದರು ಮುದುಕರು.

“ಯಾರೂ ನೋಡದಂಗ ನಾ ನೋಡಕೋತೀನ್ರಿ ಕಾಕಾ. ಕೂಸಿಗೆ ಏನರ ಆದ್ರ, ಅದರ ಕೂಡ ನಾನೂ ಮ್ಯಾಲೆ ಬರಂಗಿಲ್ಲ.”

ಅಬ್ಬರವಿಲ್ಲದೆ, ಸಂತೆಯ ಮಾತಾಡಿದಷ್ಟು ಸಹಜವಾಗಿ ಆಡಿದ ಮಾತು ಅದು. ಮೈಲಾರಲಿಂಗಪ್ಪ ಎದ್ದು ಹೋಗಿ ಬಾಯೊಳಗಿನ ಎಲೆಯಡಿಕೆ ಉಗುಳಿ ಬಂದರು. “ಮುಂಜಾನೆ ಏಳರಿಂದ ಎಂಟೂವರಿ. ಆಮ್ಯಾಲೆ ನಮ್ಮ ಎತ್ತು ನೀರಿಗೆ ಬರತಾವು,” ಎಂದರು.

ಬಾವಿಯ ಸುತ್ತ ಹಗ್ಗ ಕಟ್ಟಿ ಹಳೆ ಸೀರೆಗಳ ಮರೆ ಮಾಡಿದರು. ಅಲ್ಲಿಂದ ನೂರು ಹೆಜ್ಜೆ ಈಚೆಗೆ ಒಂದು ಬೇವಿನ ಮರ. ಆ ಹೊತ್ತಿನಲ್ಲಿ ಬೇವಿನ ಮರ ದಾಟಿ ಗಂಡಸರು ಯಾರೂ ಮುಂದೆ ಹೋಗಬಾರದು ಎಂದು ಕಟ್ಟಳೆಯಾಯಿತು. ಹೊಳೆಯಪ್ಪ ದಿನಾ ಆ ಮರದ ಕೆಳಗೆ ಬಾವಿಗೆ ಬೆನ್ನು ಹಾಕಿ ಕಾವಲು ಕೂಡುವನು. ಒಮ್ಮೊಮ್ಮೆ ಟ್ಯೂಬು ಹೊತ್ತು ತರುವ ಮುತ್ತಣ್ಣನಿಗೂ ರಿಯಾಯಿತಿಯಿರಲಿಲ್ಲ. “ನೀನೂ ಗಂಡಸ ಅಲ್ಲೇನ? ಅಲ್ಲೇ ಇಟ್ಟು ಹೋಗು,” ಎನ್ನುವಳು ಅಕ್ಕ. ಹೀಗಾಗಿ ಇಷ್ಟು ವರ್ಷದಲ್ಲಿ ಆಕೆ ಕಲಿಸುವುದನ್ನು ಅವನು ಒಮ್ಮೆಯೂ ಕಣ್ಣಾರೆ ಕಂಡಿರಲಿಲ್ಲ.

ಮೊದಲ ವರ್ಷ ಜೈತುನ ಒಬ್ಬಳೇ. ಮರುವರ್ಷ, ಅಂದು ಆಕೆ ಉಳಿಸಿದ ಮೂವರೂ ತಮ್ಮ ಹೆಣ್ಣುಮಕ್ಕಳನ್ನು ಕರೆತಂದರು. ಆಮೇಲೆ ಮೈಲಾರಲಿಂಗಪ್ಪನವರ ಮೊಮ್ಮಗಳು. ಆಮೇಲೆ ಸುತ್ತಲಿನ ಹಳ್ಳಿಗಳಿಂದ ಬೇಸಿಗೆ ಸೂಟಿಗೆ ಬಂದ ಹುಡುಗಿಯರು, ಹೊಸದಾಗಿ ಮದುವೆಯಾಗಿ ಬಂದ ಸೊಸೆಯಂದಿರು. ಐದಾರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ, ಹಿಂದೆ ಮಾತು ಬಿಟ್ಟಿದ್ದ ಅತ್ತೆಯೇ ಬಾವಿಯ ಮೆಟ್ಟಿಲಿಳಿದು ಬಂದಳು. ಅವಳಿಗಾಗ ಅರವತ್ತೈದು. “ನನಗೂ ಬರತೈತೇನ ನೋಡು ಬೇ,” ಎಂದಳಂತೆ. ಬಂತು.

ಮುತ್ತಣ್ಣ ತನ್ನ ಮಗಳು ಅಂಕಿತಾಳನ್ನು ಎಂಟನೆಯ ವರ್ಷದಲ್ಲಿ ಒಂದು ತಿಂಗಳು ಅಕ್ಕನ ಊರಿಗೆ ಕಳಿಸಿದ. ಗದಗಿಗೆ ತಿರುಗಿ ಬಂದ ಮಗಳ ಬಾಯಿಂದಲೇ ಅವನಿಗೆ ಒಳಗಿನ ಸಂಗತಿ ಗೊತ್ತಾದದ್ದು.

“ಅಪ್ಪಾ, ಅತ್ತಿ ಮೂರು ದಿನ ನೀರಿಗೆ ಇಳಸಂಗೇ ಇಲ್ಲ. ಮೆಟ್ಟಲ ಮ್ಯಾಲೆ ಕುಂದ್ರಿಸಿ ಮಾರಿ ನೀರಾಗ ಇಟ್ಟು ಗುಳ್ಳಿ ಬಿಡು ಅಂತಾಳ. ಆಮ್ಯಾಲೆ ಟ್ಯೂಬು. ಆಮ್ಯಾಲೆ ಅಂಗಾತ ಮಲಗಸ್ತಾಳ, ಕೆಳಗ ಆಕಿ ಕೈ ಇರತೈತಿ. ಕಡೀ ದಿನ ಮಾತ್ರ ಸೀರಿ ಪರೀಕ್ಷಾ.”

“ಸೀರಿ ಪರೀಕ್ಷಾ ಅಂದ್ರ?”

ಎಂಟು ವರ್ಷದ ಹುಡುಗಿಯಾದರೂ ಸರಿ, ಮುದುಕಿಯಾದರೂ ಸರಿ, ಚಡ್ಡಿ ಅಂಗಿಯ ಮೇಲೆ ಪೂರಾ ಸೀರೆ ಉಡಿಸಿ, ಎತ್ತರದ ಮೆಟ್ಟಿಲಿನಿಂದ ನೀರಿಗೆ ಹಾರಿಸುವಳು. ನೀರೊಳಗೇ ನಿರಿಗೆ ಕಿತ್ತು, ಸೆರಗು ಬಿಡಿಸಿ, ಸೀರೆಯನ್ನು ಬಿಟ್ಟು ಮೇಲೆ ಬರಬೇಕು. ಜೊತೆಗೆ ಫಕೀರವ್ವನೂ ನೀರಿನಲ್ಲೇ ಇರುವಳು. ಅಂಕಿತಾ ಅತ್ತೆಯ ಧ್ವನಿಯಲ್ಲೇ ಆ ಮಾತನ್ನು ಒಪ್ಪಿಸಿದ್ದಳು: “ಮೊದಲ ಸೀರಿ ಬಿಡಸ್ರಿ, ಆಮ್ಯಾಲೆ ಕೈಕಾಲು. ಯಾರ ನೋಡತಾರೋ ಅಂತ ನೀರಾಗ ವಿಚಾರ ಮಾಡಬ್ಯಾಡ್ರಿ. ನೋಡವರು ನೋಡ್ಲಿ, ನೀವು ಮ್ಯಾಲೆ ಬರ್ರಿ.”

ಅದನ್ನು ಕೇಳಿದ ಮೇಲೆ ಮುತ್ತಣ್ಣನಿಗೆ ಹೊಳೆಯಿತು: ಊರು ಆಡಿಕೊಂಡ ಮಾತನ್ನೇ ಅಕ್ಕ ಪಾಠವಾಗಿಸಿದ್ದಳು.

ಆರೇಳು ವರ್ಷದ ಹಿಂದೆ ಶ್ರಾವಣದಲ್ಲಿ ಹೊಳೆ ದೊಡ್ಡದಾಗಿ ಬಂತು. ಮೇಲಿನಿಂದ ನೀರು ಬಿಟ್ಟಿದ್ದಾರೆಂದು ಟಿವಿಯಲ್ಲಿ ನೋಡಿದವನೇ ಮುತ್ತಣ್ಣ ಬೆಳಗಿನ ಮೊದಲ ಬಸ್ಸಿಗೆ ಮುಂಡರಗಿಗೆ ಬಂದು, ಅಲ್ಲಿಂದ ಸಿಕ್ಕ ಗಾಡಿ ಹಿಡಿದು, ಕಡೆಯ ಎರಡು ಮೈಲಿ ನಡೆದ. ಊರಿನ ಏರಿಗೆ ಬಂದು ನೋಡಿದರೆ ಕೆಳಗಿನ ಓಣಿಯಲ್ಲಿ ಎದೆಮಟ್ಟ ಮೀರಿದ ಕೆಂಪು ನೀರು. ಏರಿಯ ಮೇಲಿನ ಮರದಿಂದ ಕೆಳಗಿನ ಓಣಿಯ ಗುಡಿಯ ಕಂಬದವರೆಗೆ ಗಂಡಸರು ಹಗ್ಗ ಕಟ್ಟಿ ಬಿಗಿಹಿಡಿದು ನಿಂತಿದ್ದರು. ಆ ಹಗ್ಗದ ಗುಂಟ ನೀರಿನಲ್ಲಿ ಹೆಂಗಸರ ಸಾಲು. ಎಲ್ಲರೂ ಚೂಡಿದಾರದಲ್ಲಿ, ಇಲ್ಲವೇ ಕಚ್ಚೆ ಬಿಗಿದು. ಅವನೇ ತೇಪೆ ಹಾಕಿದ ಟ್ಯೂಬುಗಳ ಮೇಲೆ ಮುದುಕರನ್ನು, ಬಾಣಂತಿಯೊಬ್ಬಳನ್ನು, ಕೂಸುಗಳನ್ನು ಕೂಡಿಸಿಕೊಂಡು ಕೈಯಿಂದ ಕೈಗೆ ದಾಟಿಸುತ್ತಿದ್ದರು.

ಸಾಲಿನ ತುದಿಯಲ್ಲಿ, ಎಲ್ಲರಿಗಿಂತ ಆಳದಲ್ಲಿ ಅಕ್ಕ ಇದ್ದಳು. ನರೆತ ಕೂದಲು ಹಣೆಗೆ ಅಂಟಿತ್ತು. ಒಂದು ಕೈ ಹಗ್ಗದ ಮೇಲೆ, ಇನ್ನೊಂದು ಕೈಯಲ್ಲಿ ಟ್ಯೂಬು. ತನಗೆ ರೊಟ್ಟಿ ಕಟ್ಟಿ ತರುವ ಅಕ್ಕ, ಬಸ್ಸಿನಲ್ಲಿ ಕಿಟಕಿ ಸೀಟಿಗೆ ಜಗಳಾಡುವ ಅಕ್ಕ ಇವಳೇನಾ ಎಂದು ಮುತ್ತಣ್ಣ ಕಣ್ಣು ಬಿಟ್ಟುಕೊಂಡು ನಿಂತುಬಿಟ್ಟ. ಆಮೇಲೆ ಎಚ್ಚತ್ತು ಹೋಗಿ ಹಗ್ಗಕ್ಕೆ ಕೈ ಹಾಕಿದ. ಮಧ್ಯಾಹ್ನ ಸರಕಾರದ ದೋಣಿ ಬಂದಾಗ ಕೆಳಗಿನ ಓಣಿಯಲ್ಲಿ ಉಳಿದಿದ್ದವು ಎರಡು ಕೋಳಿ ಮತ್ತು ಒಂದು ನಾಯಿ. ಬಂದವರು ಕೋಳಿಗಳನ್ನೂ ನಾಯಿಯನ್ನೂ ತಂದುಕೊಟ್ಟರು.

ಎರಡು ವರ್ಷದ ಹಿಂದೆ ಆಕೆಗೆ ಏದುಸಿರು ಶುರುವಾಯಿತು. ಗದಗಿನ ಡಾಕ್ಟರು ನೋಡಿ, ಹೃದಯ ಸೋತಿದೆ, ಇನ್ನು ನೀರಿಗೆ ಇಳಿಯಬಾರದು ಎಂದರು. ಆಕೆ ಇಳಿಯಲಿಲ್ಲ. ಬಾವಿಯ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಖುರ್ಚಿ ಹಾಕಿಸಿಕೊಂಡು ಕೂತು, ಬಾಯಿಮಾತಿನಲ್ಲಿ ಇನ್ನೆರಡು ಬೇಸಿಗೆ ಕಲಿಸಿದಳು. ನೀರಿಗಿಳಿಯುವ ಕೆಲಸ ಜೈತುನಳದು. ಲಕ್ಷ್ಮೇಶ್ವರಕ್ಕೆ ಮದುವೆಯಾಗಿ ಹೋಗಿ ಅಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅವಳು ಬೇಸಿಗೆಯಲ್ಲಿ ಅಂಗಡಿಗೆ ಬೀಗ ಹಾಕಿ, ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದುಬಿಡುತ್ತಿದ್ದಳು.

ಫಕೀರವ್ವ ಸತ್ತದ್ದು ಬೆಳಿಗ್ಗೆ, ಚಹಾ ಕುಡಿದು ಗೋಡೆಗೆ ಒರಗಿದವಳು ಹಾಗೆಯೇ. ಮೈ ತೊಳೆಸಲು ಅಂಗಳದಲ್ಲಿ ಕೂಡಿಸಿದಾಗ ಹೆಂಗಸರು ಬಿಂದಿಗೆ ಹಿಡಿದು ಸುತ್ತ ನಿಂತಿದ್ದರು. ಹೊಳೆಯಪ್ಪ ಗುಂಪಿನ ಹಿಂದೆ ಕಣ್ಣಾಡಿಸಿ, ಗೋಡೆ ಹಿಡಿದು ನಿಂತಿದ್ದ ಮುದುಕಿ ಖೈರುನಬಿಯನ್ನು ನೋಡಿದ.

“ಮೊದಲ ಕೊಡ ಆಕಿ ಹಾಕ್ಲಿ,” ಎಂದ.

ಹೆಂಗಸರು ಸರಿದು ದಾರಿ ಬಿಟ್ಟರು. ಖೈರುನಬಿ ಹೊಳೆಯ ನೀರನ್ನು ಮೆಲ್ಲಗೆ ತಲೆಯ ಮೇಲೆ ಸುರಿದಳು. ಆಮೇಲೆ ಫಕೀರವ್ವನ ಬಲ ಅಂಗೈಯನ್ನು ತೆರೆದು ತನ್ನ ಸೆರಗಿನಿಂದ ಒರೆಸಿದಳು.

ಶಿವರಾತ್ರಿಯಾದ ವಾರಕ್ಕೆ ಅವನ ಅಂಗಡಿಗೆ ಜೈತುನಳ ಫೋನು ಬಂತು.

“ಮಾಮಾ, ಟ್ಯೂಬ ತಗೊಂಡು ಬರ್ರಿ. ಹುಡುಗೂರು ಕಾಯಾಕತ್ಯಾರ.”

“ಯಾರ ಕಲಸ್ತಾರವ್ವಾ?”

“ನಾ ಇಲ್ಲೇನ್ರಿ? ಇನ್ನ ಅಂಕಿತಾನೂ ರವಿವಾರ ರವಿವಾರ ಬರತೀನಿ ಅಂದಾಳ. ನಿಮಗ ಹೇಳಿಲ್ಲೇನು?”

ಅಂಕಿತಾ ಹೇಳಿರಲಿಲ್ಲ. ಗದಗಿನ ಕಾಲೇಜಿನಲ್ಲಿ ಓದುವ ಮಗಳು ಆ ರವಿವಾರ ಬೆಳಗಿನ ಜಾವ ಎದ್ದು ತಾನೇ ಟ್ಯೂಬಿನ ಚೀಲ ಕಟ್ಟಿದಳು. ಅಪ್ಪ ಮಗಳು ಬಸ್ಸು ಹಿಡಿದು ಬಂದಿಳಿದರು. ಮೈಲಾರಲಿಂಗಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಬಾವಿ ಮುಚ್ಚಿ ಬೋರು ಹಾಕಿಸಬೇಕೆಂದಿದ್ದ ಅವರ ಮಗ, ತನ್ನ ಮಗಳೇ ಹಟ ಹಿಡಿದದ್ದರಿಂದ ಆ ಮಾತು ಕೈಬಿಟ್ಟಿದ್ದ. ಬಾವಿಯ ಸುತ್ತ ಸೀರೆಯ ಮರೆ ಆಗಲೇ ಎದ್ದಿತ್ತು. ಅಂಕಿತಾ ಚೀಲ ಹೊತ್ತು ಒಳಗೆ ಹೋದಳು. ಬೇವಿನ ಮರದ ಬುಡದಲ್ಲಿ ಬೆನ್ನು ತಿರುಗಿಸಿ ಹೊಳೆಯಪ್ಪ ಕೂತಿದ್ದ. ಮುತ್ತಣ್ಣ ಹೋಗಿ ಪಕ್ಕದಲ್ಲಿ ಕೂತ.

ಹಿಂದಿನಿಂದ ನೀರಿನ ಸದ್ದು, ಹುಡುಗಿಯರ ಕೇಕೆ, ಯಾವುದೋ ಕೂಸು “ನಾ ಒಲ್ಲೆ, ನಾ ಒಲ್ಲೆ” ಎಂದು ಅಳುವುದು, ಜೈತುನ ಸಮಾಧಾನ ಹೇಳುವುದು. ಮುತ್ತಣ್ಣನಿಗೆ ಎಲ್ಲವೂ ಒಂದೇ ಗದ್ದಲವಾಗಿ ಕೇಳಿತು. ಇಪ್ಪತ್ತಾರು ಬೇಸಿಗೆ ಅಲ್ಲೇ ಕೂತು ಬೆನ್ನಿನಿಂದಲೇ ಕೇಳಿದ ಹೊಳೆಯಪ್ಪ ಮಾತ್ರ ಬೆರಳೆತ್ತಿದ.

“ಈಗ ಅಂಗಾತ ಮಲಗಸ್ಯಾಳ.”

ಅಳು ನಿಂತಿತು. ಸದ್ದೆಲ್ಲ ಇಳಿಯಿತು. ಹೊಳೆಯಪ್ಪ ಉಸಿರು ಬಿಗಿಹಿಡಿದು ಕಿವಿಗೊಟ್ಟ. ಮುತ್ತಣ್ಣನೂ ಉಸಿರು ಹಿಡಿದ.

“ಕೈ ಬಿಟ್ಟಾಳ ನೋಡು,” ಎಂದ ಹೊಳೆಯಪ್ಪ ಮೆಲ್ಲಗೆ.

ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಪುಟ್ಟ ಎರಡು ಕಾಲು ನೀರು ಬಡಿಯುವ ಸದ್ದು, ತಪ್ಪುತ್ತ, ತಡೆಯುತ್ತ, ಬಾವಿಯ ಈ ಗೋಡೆಯಿಂದ ಆ ಗೋಡೆಯ ಕಡೆಗೆ ಹೋಯಿತು.